ಒಂದೇ ಮನೆಯಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್: ಫೈಲು, ಪ್ರಿಂಟರು ಹಂಚಿಕೊಳ್ಳೋದು ಹೇಗೆ?

ಹೋದ ನವೆಂಬರ್‌ನ ಒಂದು ಭಾನುವಾರ. ಮರುದಿನ ಬೆಳಿಗ್ಗೆ ಏಳೂವರೆಗೆ ನನಗೆ ವಿದೇಶಿಯರ ಕಚೇರಿಯಲ್ಲಿ, ಅಂದ್ರೆ ಜರ್ಮನಿಗೆ ಬಂದ ನಾವೆಲ್ಲ ನಾಲಿಗೆ ತಿರುಗಿಸಿ ಕಲಿತ 'ಆಸ್‌ಲೆಂಡರ್‌ಬೆಹೋರ್ಡೆ'ಯಲ್ಲಿ, ವೀಸಾ ವಿಸ್ತರಣೆಯ ಅಪಾಯಿಂಟ್‌ಮೆಂಟ್. ಅದಕ್ಕೆ ಎರಡು ತಿಂಗಳು ಕಾದಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ಶೂರೆನ್ಸ್ ಪತ್ರ, ಎನ್‌ರೋಲ್‌ಮೆಂಟ್ ಸರ್ಟಿಫಿಕೇಟ್, ಬಾಡಿಗೆ ಕರಾರು, ಎಲ್ಲ ಸೇರಿ ಹದಿನಾಲ್ಕು ಹಾಳೆ ಪ್ರಿಂಟ್ ಆಗಬೇಕಿತ್ತು. ರಾತ್ರಿ ಹತ್ತು ಗಂಟೆಗೆ ಪ್ರಿಂಟ್ ಒತ್ತಿದೆ. ಕ್ಯೂನಲ್ಲಿ ಹೋಗಿ ಕೂತಿತು, ಅಷ್ಟೇ. ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಊರಲ್ಲಾದರೆ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಬಹುದಿತ್ತು.

ನಮ್ಮ ಮನೆಯಲ್ಲಿ ಮೂವರು. ನನ್ನದು ಉಬುಂಟು, ಲ್ಯಾಬ್ ಕೆಲಸಕ್ಕೆ ಅದೇ ಬೇಕು. ದಾವಣಗೆರೆಯ ಗೆಳೆಯನದು ವಿಂಡೋಸ್ 11. ಮಂಗಳೂರಿನವನದು ಮ್ಯಾಕ್‌ಬುಕ್. ಪ್ರಿಂಟರ್ ಒಂದೇ, ಸೆಕೆಂಡ್ ಹ್ಯಾಂಡ್, ಮೂವತ್ತು ಯೂರೋ. ಮಂಗಳೂರಿನವನು ಆ ದಿನ ಬರ್ಲಿನ್‌ಗೆ ಹೋಗಿದ್ದ. ಫೋನ್ ಮಾಡಿದರೆ, "ಎಂಥ ಮಾರಾಯ, ಇವತ್ತು ಬೆಳಿಗ್ಗೆ ಹೊರಡುವ ಮೊದಲು ಸಹ ನಾನು ಟಿಕೆಟ್ ಪ್ರಿಂಟ್ ತೆಗ್ದಿದ್ದೇನೆ" ಅಂದ. ದಾವಣಗೆರೆಯವನು ತನ್ನ ಲ್ಯಾಪ್‌ಟಾಪ್ ತೆರೆದು ನೋಡಿ, "ಲೇ, ನಿನ್ನ ಹದಿನಾಲ್ಕು ಹಾಳೆ ನನ್ನ ಲ್ಯಾಪ್‌ಟಾಪ್‌ನಾಗ ಕುಂತಾವಲ್ಲೋ!" ಅಂದ.

ಬಿಇ ಓದುವಾಗ ನೆಟ್‌ವರ್ಕ್ಸ್ ಪೇಪರಿನಲ್ಲಿ ಓಎಸ್‌ಐ ಮಾದರಿಯ ಏಳು ಲೇಯರ್‌ಗಳನ್ನು ಚಿತ್ರಸಮೇತ ಬರೆದು ಹತ್ತಕ್ಕೆ ಒಂಬತ್ತು ತೆಗೆದವನು ನಾನು. ಆ ರಾತ್ರಿ ಏಳರಲ್ಲಿ ಒಂದು ಲೇಯರೂ ನೆರವಿಗೆ ಬರಲಿಲ್ಲ. ಹನ್ನೊಂದೂವರೆಗೆ ಹೇಗೋ ಪ್ರಿಂಟ್ ಬಂತು. ಆಮೇಲೆ ಕ್ರಿಸ್‌ಮಸ್ ರಜೆಯಲ್ಲಿ ಕೂತು ಇದನ್ನೆಲ್ಲ ಸರಿಯಾಗಿ ಓದಿ, ಮನೆಯ ಮೂರೂ ಯಂತ್ರಗಳನ್ನು ಒಂದು ದಾರಿಗೆ ತಂದೆ. ಅದನ್ನೇ ಇಲ್ಲಿ ಬರೀತಾ ಇದ್ದೀನಿ. ಕಂಪ್ಯೂಟರ್ ಸೈನ್ಸ್ ಓದದವರಿಗೂ ಅರ್ಥವಾಗಬೇಕು ಅನ್ನೋದು ನನ್ನ ಆಸೆ.

ಆ ರಾತ್ರಿ ಆಗಿದ್ದೇನು?

ಪ್ರಿಂಟರ್ ಹಂಚಿಕೊಳ್ಳೋದಕ್ಕೆ ಎರಡು ದಾರಿ ಇವೆ. ಒಂದು, ಪ್ರಿಂಟರ್ ತಾನೇ ವೈಫೈಗೆ ಸೇರಿ, ಪ್ರತಿಯೊಬ್ಬರೂ ನೇರವಾಗಿ ಅದಕ್ಕೆ ಕಳಿಸೋದು. ಇನ್ನೊಂದು, ಒಬ್ಬರ ಕಂಪ್ಯೂಟರಿನಲ್ಲಿ ಪ್ರಿಂಟರ್ ಸೇರಿಸಿ, ಉಳಿದವರು ಆ ಕಂಪ್ಯೂಟರಿನ ಮೂಲಕ ಕಳಿಸೋದು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹಾಗೆ ಎರಡೂ ನಡೀತಾ ಇತ್ತು. ಮ್ಯಾಕ್ ನೇರವಾಗಿ ಮಾತಾಡುತ್ತಿತ್ತು. ನನ್ನ ಉಬುಂಟು ಮಾತ್ರ ದಾವಣಗೆರೆಯವನ ವಿಂಡೋಸ್ ಹಂಚಿದ ಪ್ರಿಂಟರನ್ನು ಹಿಡಿದುಕೊಂಡಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದ ರಾತ್ರಿಗಳಲ್ಲಿ ನನ್ನ ಪ್ರಿಂಟ್ ಯಾಕೆ ಬರಲ್ಲ ಅಂತ ಆರು ತಿಂಗಳು ತಲೆ ಕೆರೆದುಕೊಂಡಿದ್ದೆ!

ಇನ್ನು ಅವನ ವಿಂಡೋಸ್ ಯಾಕೆ ಕೈಕೊಟ್ಟಿತು? ಹಿಂದಿನ ದಿನ ವ್ಯಾಕ್ಯೂಮ್ ಕ್ಲೀನರ್ ಹಾಕೋಕೆ ನಾನೇ ರೂಟರ್‌ನ ಪ್ಲಗ್ ಕಿತ್ತು ಮತ್ತೆ ಹಾಕಿದ್ದೆ. ರೂಟರ್ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಕೊಡುತ್ತೆ, ಹಾಸ್ಟೆಲ್ ವಾರ್ಡನ್ ರೂಮ್ ನಂಬರ್ ಕೊಟ್ಟ ಹಾಗೆ. ಮತ್ತೆ ಶುರುವಾದಾಗ ಅದೇ ನಂಬರ್ ಕೊಡಬೇಕು ಅಂತ ಏನಿಲ್ಲ. ಪ್ರಿಂಟರ್‌ಗೆ ಮೊದಲು 192.168.178.24 ಇತ್ತು, ಈಗ 31 ಆಗಿತ್ತು. ವಿಂಡೋಸ್ ಹಳೆಯ 24ರ ಬಾಗಿಲು ತಟ್ಟುತ್ತಾ, ಯಾರೂ ಇಲ್ಲ ಅಂತ 'ಆಫ್‌ಲೈನ್' ತೋರಿಸುತ್ತಿತ್ತು. ಮ್ಯಾಕ್ ಪ್ರಿಂಟರನ್ನು ನೆನಪಿಟ್ಟುಕೊಂಡಿದ್ದು ನಂಬರಿನಿಂದ ಅಲ್ಲ, ಹೆಸರಿನಿಂದ. ಆಪಲ್ ಇದನ್ನು ಬಾನ್‌ಜೂರ್ ಅಂತ ಕರೆಯುತ್ತೆ. ಯಂತ್ರ "ಇಂಥ ಹೆಸರಿನವರು ಯಾರಿದ್ದೀರಪ್ಪಾ?" ಅಂತ ಇಡೀ ಮನೆಯ ನೆಟ್‌ವರ್ಕಿಗೆ ಕೂಗಿ ಕೇಳುತ್ತೆ, ಪ್ರಿಂಟರ್ "ನಾನಿದ್ದೀನಿ, ಈಗ 31ರಲ್ಲಿ" ಅಂತ ಉತ್ತರ ಕೊಡುತ್ತೆ. ಆದ್ದರಿಂದ ಮಂಗಳೂರಿನವನಿಗೆ ತೊಂದರೆಯೇ ಆಗಲಿಲ್ಲ.

ನಾವು ಆ ರಾತ್ರಿ ಮಾಡಿದ್ದು: ಬ್ರೌಸರಿನಲ್ಲಿ ರೂಟರ್‌ನ ಪುಟ ತೆರೆದು, ಸೇರಿಕೊಂಡ ಯಂತ್ರಗಳ ಪಟ್ಟಿ ನೋಡಿ, ಪ್ರಿಂಟರ್‌ನ ಹೊಸ ನಂಬರ್ ಹುಡುಕಿದ್ದು. ಆ ನಂಬರನ್ನೇ ಬ್ರೌಸರಿನಲ್ಲಿ ಟೈಪ್ ಮಾಡಿದಾಗ ಪ್ರಿಂಟರ್‌ನ ಸ್ವಂತ ಪುಟ ತೆರೆಯಿತು. ಅಂದ್ರೆ ಪ್ರಿಂಟರ್ ಬದುಕಿದೆ, ನೆಟ್‌ವರ್ಕ್ ಸರಿ ಇದೆ, ತಪ್ಪು ನಮ್ಮ ಕಂಪ್ಯೂಟರ್‌ಗಳಲ್ಲಿ ಅಂತ ಖಾತ್ರಿ. ಈ ಒಂದು ಪರೀಕ್ಷೆಯನ್ನು ದಯವಿಟ್ಟು ನೆನಪಿಡಿ. ಡ್ರೈವರ್ ತೆಗೆದು ಮತ್ತೆ ಹಾಕೋ ಒಂದು ಗಂಟೆ ಉಳಿಯುತ್ತೆ. ನಂತರ ನನ್ನ ಉಬುಂಟುವಿನಲ್ಲಿ ನೇರವಾಗಿ ಆ ನಂಬರಿಗೆ ಪ್ರಿಂಟರ್ ಸೇರಿಸಿದೆ, ಹದಿನಾಲ್ಕೂ ಹಾಳೆ ಬಂದವು. ಕೊನೆಯಲ್ಲಿ ರೂಟರ್‌ನಲ್ಲಿ 'ಈ ಯಂತ್ರಕ್ಕೆ ಯಾವಾಗಲೂ ಇದೇ ವಿಳಾಸ ಕೊಡು' ಅನ್ನೋ ಟಿಕ್ ಹಾಕಿದೆವು. ಅಂದಿನಿಂದ ಆಫ್‌ಲೈನ್ ಕಾಟ ಇಲ್ಲ.

ಡ್ರೈವರ್ ಬಗ್ಗೆ ಒಂದು ಮಾತು. ನಮ್ಮ ಅಣ್ಣಂದಿರ ಕಾಲದಲ್ಲಿ ಪ್ರಿಂಟರ್ ಜೊತೆ ಸಿಡಿ ಬರುತ್ತಿತ್ತು, ಅದರಲ್ಲಿ ಲಿನಕ್ಸ್‌ಗೆ ಏನೂ ಇರುತ್ತಿರಲಿಲ್ಲ. ಈಗ ಐಪಿಪಿ ಅನ್ನೋ ಒಂದು ಸಾಮಾನ್ಯ ಭಾಷೆ ಇದೆ. ಪ್ರಿಂಟರ್ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್, ಮೋಪ್ರಿಯಾ ಅಥವಾ ಐಪಿಪಿ ಎವ್ರಿವೇರ್ ಅಂತ ಬರೆದಿದ್ದರೆ ಸಾಕು, ಪ್ರತ್ಯೇಕ ಡ್ರೈವರ್ ಬೇಕಾಗಲ್ಲ. ಏರ್‌ಪ್ರಿಂಟ್ ಬಂದಿದ್ದು 2010ರಲ್ಲಿ, ಐಫೋನಿಗಾಗಿ. ಅದರಿಂದ ಹೆಚ್ಚು ಲಾಭ ಆಗಿದ್ದು ಲಿನಕ್ಸ್‌ನವರಿಗೆ ಅಂತ ನನ್ನ ಅನಿಸಿಕೆ. ಮ್ಯಾಕ್ ಮತ್ತು ಲಿನಕ್ಸ್ ಎರಡರಲ್ಲೂ ಒಳಗೆ ಪ್ರಿಂಟ್ ನೋಡಿಕೊಳ್ಳೋದು ಕಪ್ಸ್ ಅನ್ನೋ ಒಂದೇ ತಂತ್ರಾಂಶ. ಮೈಕಲ್ ಸ್ವೀಟ್ ಬರೆದದ್ದು, 1999ರಲ್ಲಿ ಹೊರಬಂತು, 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. ವಿಂಡೋಸ್ 11ರಲ್ಲಿ ಪ್ರಿಂಟರ್ ತಾನಾಗಿ ಕಾಣದಿದ್ದರೆ, ಕೈಯಾರೆ ಸೇರಿಸುವಾಗ ಯಂತ್ರದ ಬಗೆ ಕೇಳುವ ಕಡೆ 'ಐಪಿಪಿ ಡಿವೈಸ್' ಅಂತ ಆರಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಐದು ಯೂರೋ ಹೆಚ್ಚು ಕೊಟ್ಟಾದರೂ ಇದು ಇರೋದನ್ನೇ ಕೊಳ್ಳಿ.

ಅಮೆರಿಕ, ಕೆನಡಾದಲ್ಲಿರುವ ಗೆಳೆಯರಿಗೆ: ಪ್ರಿಂಟರ್ ಸುಮ್ಮನೆ ಲೈಟ್ ಮಿನುಗಿಸುತ್ತಾ ನಿಂತರೆ ಅರ್ಧ ಸಲ ಕಾರಣ ಕಾಗದದ ಅಳತೆ. ನಮ್ಮ ಊರಿನ ದಾಖಲೆಗಳು ಎ4, ನಿಮ್ಮ ಟ್ರೇಯಲ್ಲಿರೋದು ಲೆಟರ್. ಪ್ರಿಂಟರ್ ಎ4 ಬರಲಿ ಅಂತ ಕಾಯುತ್ತಾ ನಿಂತಿರುತ್ತೆ.

ಫೈಲ್ ಹಂಚಿಕೆ ಮತ್ತು ಒಬ್ಬ ವಿದ್ಯಾರ್ಥಿಯ ಕಥೆ

ಮೂರು ಬಗೆಯ ಯಂತ್ರಗಳು ಪರಸ್ಪರ ಫೈಲ್ ತೋರಿಸಿಕೊಳ್ಳೋದು ಎಸ್‌ಎಂಬಿ ಅನ್ನೋ ಭಾಷೆಯಲ್ಲಿ. ಇದು ಹುಟ್ಟಿದ್ದು 1980ರ ದಶಕದ ಮೊದಲ ವರ್ಷಗಳಲ್ಲಿ ಐಬಿಎಂನಲ್ಲಿ, ಬೆಳೆದದ್ದು ಮೈಕ್ರೋಸಾಫ್ಟ್ ಕೈಯಲ್ಲಿ. ಆಪಲ್ ಮೊದಲು ತನ್ನದೇ ಎಎಫ್‌ಪಿ ಇಟ್ಟುಕೊಂಡಿತ್ತು, 2013ರ ಮ್ಯಾವರಿಕ್ಸ್‌ನಿಂದ ಅದೂ ಎಸ್‌ಎಂಬಿಯನ್ನೇ ಮೊದಲ ಆಯ್ಕೆ ಮಾಡಿಕೊಂಡಿತು. ಲಿನಕ್ಸ್‌ನಲ್ಲಿ ಈ ಭಾಷೆ ಆಡೋದು ಸಾಂಬಾ. (ನಮ್ಮ ಸಾಂಬಶಿವನಿಗೂ ಇದಕ್ಕೂ ಸಂಬಂಧ ಇಲ್ಲ. ಎಸ್, ಎಂ, ಬಿ ಮೂರೂ ಅಕ್ಷರ ಕ್ರಮವಾಗಿ ಬರುವ ಪದಗಳನ್ನು ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕ ಹೆಸರದು.)

ಸಾಂಬಾ ಬರೆದ ಆಂಡ್ರ್ಯೂ ಟ್ರಿಜೆಲ್ ಆಗ ನಮ್ಮ ಹಾಗೆಯೇ ವಿದ್ಯಾರ್ಥಿ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಾ ಇದ್ದವರು. 1991ರ ಕೊನೆಯಲ್ಲಿ ತಮ್ಮ ಡಾಸ್ ಪಿಸಿಯಿಂದ ಯುನಿಕ್ಸ್ ಯಂತ್ರದ ಫೈಲ್ ನೋಡಬೇಕಿತ್ತು. ಆ ಭಾಷೆಯ ವ್ಯಾಕರಣ ಅವರ ಕೈಯಲ್ಲಿ ಇರಲಿಲ್ಲ. ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ನೋಡುತ್ತಾ ನೋಡುತ್ತಾ ಅರ್ಥ ಮಾಡಿಕೊಂಡರು. ಫ್ರೆಂಚ್ ಬಾರದವನು ಫ್ರೆಂಚ್ ಕೆಫೆಯಲ್ಲಿ ಕೂತು, ಯಾರು ಏನು ಅಂದಾಗ ವೇಟರ್ ಏನು ತಂದುಕೊಡುತ್ತಾನೆ ಅಂತ ಗಮನಿಸಿ ಭಾಷೆ ಕಲಿಯುವ ಹಾಗೆ, ಅಂತ ಆಮೇಲೆ ಅವರೇ ಅದನ್ನು ವಿವರಿಸಿದ್ದಾರೆ. ಇದನ್ನು ಓದಿದಾಗ ನನಗೆ ಮೊದಲ ಸೆಮಿಸ್ಟರ್‌ನಲ್ಲಿ ಬೇಕರಿ ಸಾಲಿನಲ್ಲಿ ನಿಂತು, ಮುಂದಿನ ಅಜ್ಜಿ ಏನು ಹೇಳಿ ಬ್ರೆಡ್ ತಗೊಂಡ್ರೋ ಅದನ್ನೇ ಒಪ್ಪಿಸುತ್ತಿದ್ದುದು ನೆನಪಾಯಿತು. 2004ರಲ್ಲಿ ಯುರೋಪಿಯನ್ ಕಮಿಷನ್ ಈ ಮಾಹಿತಿಯನ್ನು ಬೇರೆಯವರಿಗೂ ಕೊಡಬೇಕು ಅಂತ ಮೈಕ್ರೋಸಾಫ್ಟ್‌ಗೆ ಆದೇಶಿಸಿತು. 2007ರ ಡಿಸೆಂಬರ್‌ನಲ್ಲಿ ಹತ್ತು ಸಾವಿರ ಯೂರೋ ಕೊಟ್ಟು ಸಾಂಬಾ ತಂಡದವರಿಗೆ ಆ ದಾಖಲೆಗಳು ಸಿಕ್ಕವು. ಅಲ್ಲಿಯವರೆಗೆ ಹೆಚ್ಚುಕಮ್ಮಿ ಕೆಫೆಯಲ್ಲಿ ಕಿವಿಗೊಟ್ಟೇ ಕಲಿತದ್ದು.

ಮಾಡೋದು ಹೇಗೆ? ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟಿಂಗ್ಸ್, ಜನರಲ್, ಶೇರಿಂಗ್, ಫೈಲ್ ಶೇರಿಂಗ್. ಅಲ್ಲೇ ಆಪ್ಷನ್ಸ್ ಒಳಗೆ ನಿಮ್ಮ ಅಕೌಂಟಿಗೆ 'ವಿಂಡೋಸ್ ಫೈಲ್ ಶೇರಿಂಗ್' ಟಿಕ್ ಹಾಕಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಉಬುಂಟುವಿನಲ್ಲಿ ಸಾಂಬಾ ಹಾಕಿಕೊಂಡು ಫೋಲ್ಡರ್ ಹಂಚಿ. ಇಷ್ಟು ಸುಲಭ. ಕಷ್ಟ ಶುರುವಾಗೋದು ಪಾಸ್‌ವರ್ಡ್ ಕೇಳಿದಾಗ.

ನಮ್ಮನೆಯಲ್ಲಿ ಒಂದು ಸಂಜೆ ಪೂರ್ತಿ ಹಾಳಾಗಿದ್ದು ಇದರಿಂದಲೇ. ದಾವಣಗೆರೆಯವನು ದಿನಾ ತನ್ನ ವಿಂಡೋಸ್ ತೆರೆಯೋದು ನಾಲ್ಕಂಕಿ ಪಿನ್‌ನಿಂದ. ಮಂಗಳೂರಿನವನ ಮ್ಯಾಕ್‌ನಲ್ಲಿ ಆ ಪಿನ್ ಹಾಕಿದರೆ ಒಳಗೆ ಬಿಡಲಿಲ್ಲ. ಪಿನ್ ಆ ಲ್ಯಾಪ್‌ಟಾಪಿನ ಬಾಗಿಲಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವವರಿಗೆ ಅದು ನಡೆಯಲ್ಲ, ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಅವನು ಅದನ್ನು ಎರಡು ವರ್ಷದ ಹಿಂದೆ ಹಾಕಿ ಮರೆತಿದ್ದ. ಹಾಗೇ ನನ್ನ ಕಡೆ, ಉಬುಂಟುವಿನ ಲಾಗಿನ್ ಪಾಸ್‌ವರ್ಡ್ ಬೇರೆ, ಸಾಂಬಾದ ಪಾಸ್‌ವರ್ಡ್ ಬೇರೆ; ಸಾಂಬಾಗೆ ಪ್ರತ್ಯೇಕವಾಗಿ ಒಂದು ಕೊಡಲೇಬೇಕು. ನನ್ನ ಸಲಹೆ: ಹಂಚುವ ಯಂತ್ರದಲ್ಲಿ 'ಮನೆ' ಅಂತ ಬೇರೆಯೇ ಒಂದು ಲೋಕಲ್ ಅಕೌಂಟ್ ಮಾಡಿ, ಅದಕ್ಕೊಂದು ಉದ್ದ ಪಾಸ್‌ವರ್ಡ್ ಇಡಿ, ಆ ಅಕೌಂಟಿಗೆ ಒಂದೇ ಒಂದು ಫೋಲ್ಡರ್ ಕಾಣಿಸಲಿ. ಹಾಗೆ ಮಾಡಿದರೆ ನಿಮ್ಮ ಸ್ವಂತ ಪಾಸ್‌ವರ್ಡನ್ನು ಯಾರಿಗೂ ಹೇಳಬೇಕಾಗಲ್ಲ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಹಂಚಿಕೆ ಹಳೆಯ ವಿಡಿಯೋಗಳಲ್ಲಿ ಸುಲಭವಾಗಿ ಕಾಣುತ್ತೆ, ಆದರೆ ಈಗಿನ ವಿಂಡೋಸ್‌ಗಳು ಹೆಚ್ಚಾಗಿ ಅದನ್ನು ಒಪ್ಪೋದಿಲ್ಲ, ಒಪ್ಪದಿರೋದೇ ಒಳ್ಳೇದು.

ವಿಂಡೋಸ್‌ನಲ್ಲಿ ಇನ್ನೊಂದು ಗೊಂದಲ. ಅನುಮತಿ ಎರಡು ಕಡೆ ಇರುತ್ತೆ, ಶೇರಿಂಗ್‌ನಲ್ಲಿ ಒಂದು, ಸೆಕ್ಯುರಿಟಿಯಲ್ಲಿ ಇನ್ನೊಂದು. ಒಂದು ಗೇಟಿನದು, ಇನ್ನೊಂದು ಮನೆ ಬಾಗಿಲಿನದು ಅಂದುಕೊಳ್ಳಿ. ಎರಡೂ ಕಡೆ ಬಿಟ್ಟರೆ ಮಾತ್ರ ಒಳಗೆ. ಹಾಗೇ 'ನೆಟ್‌ವರ್ಕ್' ಪಟ್ಟಿಯಲ್ಲಿ ಯಂತ್ರ ಕಾಣಲಿಲ್ಲ ಅಂದ್ರೆ ಅದು ಇಲ್ಲ ಅಂತಲ್ಲ. ಸಾಂಬಾ ಯಂತ್ರಗಳು ಎಷ್ಟೋ ಸಲ ವಿಂಡೋಸ್‌ನ ಆ ಪಟ್ಟಿಗೆ ಬರೋದಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ನಂಬರ್ ಬರೆಯಿರಿ, ತೆರೆಯುತ್ತೆ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಮತ್ತು ಕೆ ಒಟ್ಟಿಗೆ ಒತ್ತಿದರೆ ವಿಳಾಸ ಬರೆಯೋ ಪೆಟ್ಟಿಗೆ ಬರುತ್ತೆ. ಯೂನಿವರ್ಸಿಟಿಯ ಎಡುರೋಮ್‌ನಲ್ಲಿ ಅಥವಾ ಮನೆಯ ಗೆಸ್ಟ್ ವೈಫೈನಲ್ಲಿ ಇದ್ದರೆ ಮಾತ್ರ ಎಷ್ಟು ಕೂಗಿದರೂ ಪಕ್ಕದ ಯಂತ್ರಕ್ಕೆ ಕೇಳದಿರಬಹುದು. ಅಲ್ಲಿ ಬೇಕಂತಲೇ ಯಂತ್ರಗಳನ್ನು ಒಂದರಿಂದ ಒಂದು ಬೇರೆ ಇಟ್ಟಿರುತ್ತಾರೆ.

ಕನ್ನಡದ ಹೆಸರಿನ ಫೈಲುಗಳು

ಇದು ನನಗೆ ಬಹಳ ಇಷ್ಟವಾದ ಭಾಗ. ನಮ್ಮ ಸಂಘದ ರಾಜ್ಯೋತ್ಸವದ ಚಿತ್ರಗಳನ್ನು ಮಂಗಳೂರಿನವನ ಹಳೆಯ ಹಾರ್ಡ್ ಡಿಸ್ಕ್‌ನಿಂದ ನನ್ನ ಉಬುಂಟುವಿಗೆ ಆರ್‌ಸಿಂಕ್ ಮೂಲಕ ಕಾಪಿ ಮಾಡಿದಾಗ, 'ಫೋಟೋ' ಅನ್ನೋ ಫೋಲ್ಡರ್ ಎರಡು ಕಂಡವು. ಒಂದು ಮೊದಲೇ ನನ್ನಲ್ಲಿದ್ದದ್ದು, ಇನ್ನೊಂದು ಹೊಸದು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋದು ಹೇಗೆ ಸಾಧ್ಯ?

ಕಾರಣ ಕಾಗುಣಿತದಲ್ಲಿದೆ. ಯೂನಿಕೋಡ್‌ನಲ್ಲಿ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಅಥವಾ ಬಿಡಿಸಿ ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಈ ರೀತಿ ಬಿಡಿಸಬಹುದಾದ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಈ, ಏ, ಐ, ಒ, ಓ. ಔ ಮಾತ್ರ ಬಿಡಿಸಲು ಬರೋದಿಲ್ಲ. ಹಳೆಯ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಾನು ಕೀಬೋರ್ಡಿನಲ್ಲಿ ಹೊಡೆದದ್ದು ಕೂಡಿಸಿದ ರೂಪ. ಲಿನಕ್ಸ್ ಇದರಲ್ಲಿ ತಲೆ ಹಾಕೋದಿಲ್ಲ, ಬೈಟ್‌ಗಳು ಬೇರೆಯಾದರೆ ಹೆಸರೂ ಬೇರೆ ಅನ್ನುತ್ತೆ. ಆರ್‌ಸಿಂಕ್‌ನಲ್ಲಿ ಇದಕ್ಕಾಗಿಯೇ ಹೆಸರು ಬದಲಿಸಿಕೊಳ್ಳುವ ಒಂದು ಆಯ್ಕೆ ಇದೆ, ನನಗೆ ಗೊತ್ತಾಗಿದ್ದು ಕೈಯಲ್ಲಿ ಮುನ್ನೂರು ಫೈಲ್ ಸರಿಸಿದ ಮೇಲೆ!

ಉದ್ದದ ಲೆಕ್ಕವೂ ಬೇರೆ. ಉಬುಂಟುವಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು. 'ರಾಜ್ಯೋತ್ಸವ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಹತ್ತು ಚಿಹ್ನೆ, ಮೂವತ್ತು ಬೈಟ್. ಬಿಡಿಸಿ ಬರೆದರೆ ಮೂವತ್ತಾರು. ವಿಂಡೋಸ್‌ನಲ್ಲಿ ಕೂತ ಉದ್ದ ಕನ್ನಡ ಹೆಸರು ಲಿನಕ್ಸ್‌ಗೆ ಬರುವಾಗ ತಕರಾರು ಮಾಡೋದು ಇದಕ್ಕೇ. ಆದ್ದರಿಂದ ಫೈಲಿಗೆ ಕನ್ನಡದಲ್ಲಿ ಹೆಸರಿಡಬೇಡಿ ಅಂತ ನಾನು ಹೇಳಲ್ಲ. ಧಾರಾಳವಾಗಿ ಇಡಿ, ಚಿಕ್ಕದಾಗಿ ಇಡಿ. ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಬೇಡ, ವಿಂಡೋಸ್ ಅವನ್ನು ಒಪ್ಪಲ್ಲ. ಅಂದಹಾಗೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತವನ್ನು ಇನ್ನೊಬ್ಬರ ಯಂತ್ರದಿಂದ ಪ್ರಿಂಟ್ ತೆಗೆಯಬೇಕಾದರೆ, ನಿಮ್ಮಲ್ಲೇ ಫಾಂಟ್ ಸೇರಿಸಿ ಪಿಡಿಎಫ್ ಮಾಡಿ ಕೊಡಿ. ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ.

ಕಳೆದುಕೊಂಡದ್ದು

ಈಗ ಹೇಳಲು ಮನಸ್ಸಿಲ್ಲದ ವಿಷಯ. ನಾನೂ ದಾವಣಗೆರೆಯವನೂ ಒಂದೇ ಪ್ರಾಜೆಕ್ಟ್ ಗುಂಪಿನಲ್ಲಿದ್ದೆವು. ವರದಿ ಹಂಚಿದ ಫೋಲ್ಡರಿನಲ್ಲಿತ್ತು. ಒಂದು ಶುಕ್ರವಾರ ನಾನು ಅದನ್ನು ನನ್ನ ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಂಡು ರೈಲಿನಲ್ಲಿ ಕೂತು ತಿದ್ದಿದೆ. ಭಾನುವಾರ ವಾಪಸ್ ಬಂದು ಅದೇ ಜಾಗಕ್ಕೆ ಹಾಕಿದೆ. 'ಈ ಹೆಸರಿನ ಫೈಲ್ ಇದೆ, ಬದಲಾಯಿಸಲೇ?' ಅಂತ ಕೇಳಿತು. ಹೂಂ ಅಂದೆ. ಆ ಎರಡು ದಿನಗಳಲ್ಲಿ ಅವನು ಪೂರ್ತಿ ಮೂರನೇ ಅಧ್ಯಾಯ ಬರೆದಿದ್ದ. ನೆಟ್‌ವರ್ಕ್ ಮೂಲಕ ಅಳಿಸಿದ್ದಾಗಲಿ, ಮೇಲೆ ಬರೆದದ್ದಾಗಲಿ ರೀಸೈಕಲ್ ಬಿನ್‌ಗೆ ಹೋಗೋದಿಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅವನು ಬೈಯಲಿಲ್ಲ, ಅದೇ ಕಷ್ಟವಾಯಿತು. ರಾತ್ರಿ ಎರಡರವರೆಗೆ ಕೂತು ಮತ್ತೆ ಬರೆದ. ಮೂರು ದಿನ ಅಡುಗೆಮನೆಯಲ್ಲಿ ಮಾತಿರಲಿಲ್ಲ, ಅವನ ಪಾಳಿಯ ಅನ್ನ ಮಾತ್ರ ಎಂದಿನಂತೆ ಮೂವರಿಗೂ ಆಗಿತ್ತು.

ಒಬ್ಬರು ವರ್ಡ್‌ನಲ್ಲಿ ನೇರವಾಗಿ ಹಂಚಿದ ಜಾಗದಿಂದಲೇ ಫೈಲ್ ತೆರೆದಿದ್ದರೆ, ಎರಡನೆಯವರಿಗೆ ಬೀಗ ಕಾಣುತ್ತೆ, ಓದಲು ಮಾತ್ರ ಬಿಡುತ್ತೆ. ಕಾಪಿ ಮಾಡಿಕೊಂಡು ಹೋದವನಿಗೆ ಯಾವ ಬೀಗವೂ ಇಲ್ಲ. ಹಂಚಿದ ಫೋಲ್ಡರ್ ಅನ್ನೋದು ಬ್ಯಾಕಪ್ ಅಲ್ಲ. ಈಗ ನಾವು ವರದಿಗಳನ್ನು ಗಿಟ್‌ನಲ್ಲಿ ಇಡುತ್ತೇವೆ. ಗಿಟ್ ಒಗ್ಗದವರು ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಕ್ಲೌಡ್‌ನಲ್ಲಿ ಇಡಿ. ನಿಮ್ಮ ಯೂನಿವರ್ಸಿಟಿಯೇ ಕೊಡುತ್ತಾ ನೋಡಿ. ಮನೆಯ ಫೋಲ್ಡರಿನಲ್ಲಿ ಈಗ ಇರೋದು ಸಿನಿಮಾ, ಚಿತ್ರ, ಸ್ಕ್ಯಾನ್ ಮಾಡಿದ ಬಿಲ್ಲುಗಳು. ಸಾಂಬಾದಲ್ಲಿ 'ರೀಸೈಕಲ್' ಅನ್ನೋ ಒಂದು ಮಾಡ್ಯೂಲ್ ಇದೆ, ಅಳಿಸಿದ್ದನ್ನು ಪಕ್ಕಕ್ಕೆ ಎತ್ತಿಡುತ್ತೆ. ಅದನ್ನೂ ಹಾಕಿದ್ದೇನೆ.

ಇನ್ನೊಂದು ಭಯದ ಮಾತು. ಮೊದಲ ಸೆಮಿಸ್ಟರ್‌ನಲ್ಲಿ ನಾನಿದ್ದ ಹಾಸ್ಟೆಲ್ ನೆಟ್‌ವರ್ಕಿನಲ್ಲಿ ಯಾರದೋ ಫೋಲ್ಡರ್ ನನ್ನ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು. ಅದರ ಹೆಸರು 'ಪಾಸ್‌ಪೋರ್ಟ್, ವೀಸಾ ಸ್ಕ್ಯಾನ್'. ತೆರೆಯಲಿಲ್ಲ, ಮಹಡಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ, ಅರ್ಧ ಗಂಟೆಯಲ್ಲಿ ಮಾಯವಾಯಿತು. ವಿಂಡೋಸ್ ಹೊಸ ವೈಫೈಗೆ ಸೇರಿದಾಗ ಅದನ್ನು ಪಬ್ಲಿಕ್ ಅಂತಲೇ ಬಿಡಿ, ನಿಮ್ಮ ಮನೆಯದನ್ನು ಮಾತ್ರ ಪ್ರೈವೇಟ್ ಮಾಡಿ. 'ಎವ್ರಿವನ್' ಅನ್ನೋ ಹೆಸರಿಗೆ ಪೂರ್ತಿ ಅನುಮತಿ ಕೊಡಬೇಡಿ. ಊರಿನಿಂದ ಫೈಲ್ ನೋಡಬೇಕು ಅಂತ ರೂಟರ್‌ನಲ್ಲಿ 445ನೇ ಪೋರ್ಟ್ ತೆರೆಯಲೇಬೇಡಿ, ವಿಪಿಎನ್ ಬಳಸಿ.

ಹಳೆಯ ಸ್ಕ್ಯಾನರ್ ಕೊಂಡವರಿಗೆ ಇನ್ನೂ ಒಂದು ಎಚ್ಚರಿಕೆ. ಕೆಲವು ಯಂತ್ರಗಳಿಗೆ ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸಲು ಎಸ್‌ಎಂಬಿಯ ಮೊದಲ ಆವೃತ್ತಿಯೇ ಬೇಕು. ವಿಂಡೋಸ್‌ನಲ್ಲಿ ಅದನ್ನು ಮತ್ತೆ ಚಾಲೂ ಮಾಡಿ ಅಂತ ಸಲಹೆ ಸಿಗುತ್ತೆ. ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ಆ ಆವೃತ್ತಿಯ ತೂತಿನಿಂದಲೇ. ಬ್ರಿಟನ್ನಿನ ಆಸ್ಪತ್ರೆಗಳು ನಿಂತವು, ಇಲ್ಲಿ ಜರ್ಮನಿಯಲ್ಲಿ ರೈಲ್ವೆ ನಿಲ್ದಾಣಗಳ ಬೋರ್ಡುಗಳ ಮೇಲೆ ಹಣ ಕೇಳುವ ಕಿಟಕಿ ಮೂಡಿತು. ತೂತಿಗೆ ತೇಪೆ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸ್ಕ್ಯಾನ್ ಮಾಡಿದ್ದನ್ನು ಪೆನ್‌ಡ್ರೈವಿಗೆ ತಗೊಂಡರೆ ಆಯಿತು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿಟ್ಟರೆ ಮೂರೂ ಕಂಪ್ಯೂಟರ್ ಓದಿ ಬರೆಯುತ್ತವೆ. ಕೆಲವು ಹಳೆಯ ಸ್ಕ್ಯಾನರ್‌ಗಳಿಗೆ ಮಾತ್ರ ಫ್ಯಾಟ್32 ಬೇಕಾಗುತ್ತೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯೋದಿಲ್ಲ, ಸ್ಕ್ಯಾನ್‌ಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಮಂಗಳೂರಿನವನಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಮನೆ ಬಿಡುತ್ತಾನೆ. ಅವನ ಫೋಲ್ಡರ್ ಅವನ ಡಿಸ್ಕಿಗೆ ಹಾಕಿ ಕೊಟ್ಟಿದ್ದೇನೆ, ಈ ಸಲ ಹೆಸರುಗಳ ರೂಪ ಸರಿಮಾಡಿಯೇ. ಅವನು ಹೋದ ದಿನ 'ಮನೆ' ಅಕೌಂಟಿನ ಪಾಸ್‌ವರ್ಡೂ ವೈಫೈ ಪಾಸ್‌ವರ್ಡೂ ಬದಲಾಗುತ್ತವೆ, ಅವನೇ ನೆನಪಿಸಿದ್ದಾನೆ. ನೀವು ಊರು ಬಿಡುವಾಗ ಪ್ರಿಂಟರ್ ಮಾರುವುದಾದರೆ ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ. ನಿಮ್ಮ ವೈಫೈ ಪಾಸ್‌ವರ್ಡ್, ಸ್ಕ್ಯಾನ್ ಕಳಿಸಿದ ಇಮೇಲ್ ವಿಳಾಸಗಳು ಅದರೊಳಗೇ ಉಳಿದಿರುತ್ತವೆ. ನಾವು ಮೂವತ್ತು ಯೂರೋಗೆ ತಂದ ಪ್ರಿಂಟರಿನಲ್ಲಿ ಹಿಂದಿನ ಮಾಲೀಕರ ನಾಲ್ಕು ವಿಳಾಸಗಳು ಹಾಗೇ ಇದ್ದವು.